ದಣಿವಿಗೆ ಸಾಕ್ಷಿ ಯಾರು?

"ರಾತ್ರಿ ಒಂಬತ್ತಕ್ಕ ಮಲಗಿ ಮುಂಜಾನೆ ಆರಕ್ಕ ಎದ್ದಿ. ಒಂಬತ್ತು ತಾಸು ಆತು. ಮತ್ತ ಈ ದಣಿವು ಎಲ್ಲಿಂದ ಬಂತಪಾ?"

ಅವ್ವ ಈ ಮಾತು ಕೇಳಿದ್ದು ಬೈಯುವುದಕ್ಕಲ್ಲ. ಆಕೆಗೆ ನಿಜವಾಗಿಯೂ ಲೆಕ್ಕ ಹತ್ತಿರಲಿಲ್ಲ. ನಮ್ಮ ಅಮ್ಮಿನಬಾವಿಯಂಥ ಎರೆಭೂಮಿಯ ಊರಿನಲ್ಲಿ ದಣಿವು ಎನ್ನುವುದು ದುಡಿಮೆಯ ಬೆನ್ನಿಗೇ ಬರುವಂಥದ್ದು. ಜೋಳದ ರಾಶಿ ಮುಗಿಸಿ ಬಂದವನಿಗೆ ದಣಿವು. ದಿನವಿಡೀ ಬಗ್ಗಿ ಕಳೆ ತೆಗೆದು ಬಂದವಳಿಗೆ ದಣಿವು. ರಾತ್ರಿ ಮಲಗಿದರೆ ಆ ಸಾಲ ತೀರಬೇಕು, ಮುಂಜಾನೆ ಹೊಸ ಖಾತೆ ತೆರೆಯಬೇಕು. ನಾನೋ ಧಾರವಾಡದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮಾಸ್ತರ. ಹತ್ತು ಹನ್ನೆರಡು ಕಿಲೋಮೀಟರು ಬಸ್ಸಿನಲ್ಲಿ ಹೋಗಿ, ಫ್ಯಾನಿನ ಕೆಳಗೆ ನಿಂತು ನಾಲ್ಕು ತಾಸು ಮಾತಾಡಿ ಬರುವವನು. ದುಡಿಮೆ ಕಾಣುವುದಿಲ್ಲ, ನಿದ್ದೆ ಮಾತ್ರ ಭರಪೂರ ಕಾಣುತ್ತದೆ. ಜಮಾ ಇದೆ, ಖರ್ಚಿಲ್ಲ, ಆದರೂ ಗಲ್ಲೆ ಖಾಲಿ ಎಂದರೆ ನಡುವೆ ಎಲ್ಲೋ ಕಳ್ಳತನವಾಗಿದೆ ಎಂದೇ ಯಾರಿಗಾದರೂ ಅನಿಸಬೇಕು.

ಆ ಕಳ್ಳನಿಗೆ ನಮ್ಮ ಭಾಷೆಯಲ್ಲಿ ಹೆಸರೂ ಉಂಟು: ಮೈಗಳ್ಳ. ತರಗತಿಯಲ್ಲಿ ಈ ಪದವನ್ನು ನಾನು ಎಷ್ಟು ಹುಡುಗರ ಮೇಲೆ ಎಸೆದಿದ್ದೇನೋ ಲೆಕ್ಕವಿಲ್ಲ. ಅದನ್ನು ಬಿಡಿಸಿ ನೋಡಿದ್ದು ಮಾತ್ರ ಈಚೆಗೆ. ಮೈಯನ್ನು ಕದಿಯುವವನು. ಯಾರ ಮೈ? ತನ್ನದೇ. ತನ್ನ ಮೈಯನ್ನು ತಾನು ಇಟ್ಟುಕೊಂಡರೆ ಅದು ಕಳ್ಳತನ ಹೇಗಾದೀತು? ಆ ಮೈ ಮೊದಲೇ ಬೇರೆ ಯಾರದೋ ಸ್ವತ್ತಾಗಿದ್ದರೆ ಮಾತ್ರ. ಹೊಲದ್ದೋ, ಒಡೆಯನದೋ, ಸಂಸಾರದ್ದೋ. ಪದ ಹುಟ್ಟಿದಾಗ ಹೀಗೆಲ್ಲ ಯಾರೂ ಯೋಚಿಸಿರಲಿಕ್ಕಿಲ್ಲ. ಆದರೆ ಬೈಗುಳಗಳು ನಾವು ಯೋಚಿಸದೆ ನಂಬಿದ್ದನ್ನೇ ಬಾಯಿಬಿಡುತ್ತವೆ.

ಕೆಲವು ವರ್ಷಗಳ ಹಿಂದೆ ಒಂದು ಮಾರ್ಚ್ ತಿಂಗಳಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆ ಕೂತಿದ್ದೆ. ಕಣ್ಣು ಮುಚ್ಚಿದ್ದು ಗೊತ್ತಾಗಲಿಲ್ಲ. ತೆರೆದಾಗ ಮುಂದೆ ಹೆಡ್ ಮಾಸ್ತರರು ನಿಂತಿದ್ದರು. ಹಿಂದಿನ ಬೆಂಚುಗಳಲ್ಲಿ ಉತ್ತರಗಳು ಈ ಕಡೆಯಿಂದ ಆ ಕಡೆಗೆ ಆರಾಮಾಗಿ ಓಡಾಡಿದ್ದವು. ಅವರು ಏನೂ ಅನ್ನಲಿಲ್ಲ. ಹುಡುಗರು ಅಂದರು. ಮರುದಿನದಿಂದ ನಾನು 'ಕುಂಭಕರ್ಣ ಸರ್'. ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಅದರ ಹಿಂದಿನ ವರ್ಷ ಇದೇ ಶಾಲೆಯಲ್ಲಿ ಮೊದಲ ಪಿರಿಯಡ್ಡಿನಲ್ಲೇ ತೂಕಡಿಸುತ್ತಿದ್ದ ಹುಡುಗನೊಬ್ಬನನ್ನು ವಾರಗಟ್ಟಲೆ ನಿಲ್ಲಿಸಿದ್ದೆ. ಅವನು ನಾಲ್ಕಕ್ಕೆ ಎದ್ದು ಸೈಕಲ್ ಮೇಲೆ ಮನೆಮನೆಗೆ ಹಾಲು ಹಾಕಿ ಬರುತ್ತಿದ್ದ ಎಂದು ತಿಳಿದದ್ದು ಅವನು ಶಾಲೆ ಬಿಟ್ಟ ಮೇಲೆ.

ಕುಂಭಕರ್ಣನ ಕತೆಯನ್ನು ಆಮೇಲೆ ಮತ್ತೆ ನೆನಪಿಸಿಕೊಂಡೆ. ಇಂದ್ರಾಸನ ಕೇಳಲು ಹೋಗಿ ನಾಲಿಗೆ ಹೊರಳಿ ನಿದ್ರಾಸನ ಕೇಳಿದ ಎನ್ನುತ್ತಾರೆ. ಎಬ್ಬಿಸಲು ನಗಾರಿ ಬಾರಿಸಿದರು, ಆನೆ ತುಳಿಸಿದರು. ಆರು ತಿಂಗಳು ಮಲಗಿ ಎದ್ದವನಿಗೆ ಮೈ ಹಗುರಾಯಿತೇ ಎಂದು ಮಾತ್ರ ಆ ಕತೆಯಲ್ಲಿ ಯಾರೂ ಕೇಳುವುದಿಲ್ಲ. ಇಂಗ್ಲಿಷರಿಗೂ ಒಬ್ಬ ಇಂಥವನಿದ್ದಾನೆ. ಡಿಕನ್ಸ್ 1836ರಲ್ಲಿ ಬರೆಯತೊಡಗಿದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯ ಜೋ ಎಂಬ ದಪ್ಪ ಹುಡುಗ. ನಿಂತಲ್ಲೇ ನಿದ್ದೆ ಹೋಗುತ್ತಾನೆ, ಗೊರಕೆ ಹೊಡೆಯುತ್ತಾನೆ. ಓದುಗರು ಅವನನ್ನು ಓದಿ ನೂರಕ್ಕೂ ಹೆಚ್ಚು ವರ್ಷ ನಕ್ಕರು. 1956ರಲ್ಲಿ ಅಮೆರಿಕದ ವೈದ್ಯರು ಅಂಥದೇ ಲಕ್ಷಣಗಳಿದ್ದ ರೋಗಿಯೊಬ್ಬನ ಬಗ್ಗೆ ಬರೆಯುತ್ತ ಆ ಕಾಯಿಲೆಗೆ ಕಾದಂಬರಿಯ ಹೆಸರನ್ನೇ ಇಟ್ಟರು. ನಗೆಯ ಪಾತ್ರ ರೋಗಿಯಾಗಲು ಅಷ್ಟು ಕಾಲ ಹಿಡಿಯಿತು. ನನಗೆ ಎರಡು ವರ್ಷ ಹಿಡಿಯಿತು, ಪುಣ್ಯ.

ಎರಡು ವರ್ಷ ಯಾಕೆ ಸುಮ್ಮನಿದ್ದೆ? ನಾಚಿಕೆಗೆ. ಜ್ವರ ಬಂದರೆ ಜ್ವರ ಎನ್ನಬಹುದು, ಮೊಣಕಾಲು ನೋವು ಎಂದರೆ ಮುಟ್ಟಿ ತೋರಿಸಬಹುದು. ವೈದ್ಯರ ಮುಂದೆ ಕೂತು "ದಣಿವು" ಎಂದರೆ, ಅವರು ತಿರುಗಿ "ಏನು ಕೆಲಸ ಮಾಡ್ತೀರಿ?" ಎಂದರೆ? ನಮ್ಮಪ್ಪ ಎಪ್ಪತ್ತರವರೆಗೆ ಎರೆಹೊಲದಲ್ಲಿ ಕುಂಟೆ ಹೊಡೆದವ. ಅವನ ಬಾಯಿಂದ ಆ ಪದ ಬಂದದ್ದು ನೆನಪಿಲ್ಲ. ಅವನ ಮಗ ಚಾಕ್‌ಪೀಸು ಹಿಡಿದು ದಣಿದೆ ಎನ್ನುವುದೇ? ದಣಿವು ಸಹ ಗಳಿಸಬೇಕಾದ ಆಸ್ತಿ, ಗಳಿಸದೆ ಅನುಭವಿಸಿದರೆ ತಪ್ಪು ಎಂದು ನಾನು ಒಳಗೊಳಗೆ ನಂಬಿದ್ದೆ. ಹಾಗಾಗಿ ಎಲ್ಲರೂ ಹೇಳಿದ್ದನ್ನು ಮಾಡಿದೆ. ಖರ್ಜೂರ ತಿಂದೆ. ಟಾನಿಕ್ ಕುಡಿದೆ. ಮುಂಜಾನೆ ವಾಕಿಂಗ್ ಹೊರಟು, ಸವದತ್ತಿ ರಸ್ತೆಯ ಒಂದು ಸೇತುವೆಯ ಕಟ್ಟೆಯ ಮೇಲೆ ಕೂತಲ್ಲೇ ನಿದ್ದೆ ಹೋದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಗಾದೆ. ಸಂತೆಯಲ್ಲಿ ನಿದ್ದೆ ಮಾಡುವವನನ್ನು ಒಮ್ಮೆ ದವಾಖಾನೆಗೆ ತೋರಿಸಿ ಎಂದು ಆ ಗಾದೆಗೆ ಬಾಲ ಸೇರಿಸಬೇಕು.

ಮೊದಲು ಹೋದ ವೈದ್ಯರು ರಕ್ತ ತಪಾಸಿಸಿದರು. ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12. ಎಲ್ಲ ಸರಿ ಇದ್ದವು. ವಯಸ್ಸು, ಟೆನ್ಷನ್ ಎಂದು ಗುಳಿಗೆ ಬರೆದುಕೊಟ್ಟರು. ಎಂಟು ತಿಂಗಳ ನಂತರ ಧಾರವಾಡದಲ್ಲೇ ಇನ್ನೊಬ್ಬ ವೈದ್ಯೆಯ ಹತ್ತಿರ ಹೋದಾಗ ಹೆಂಡತಿ ಜೊತೆಗಿದ್ದಳು. ಅವಳಿಗೂ ಅಲ್ಲೇ ಸುಭಾಸ ರೋಡಿನಲ್ಲಿ ಏನೋ ಖರೀದಿ ಇತ್ತು, ಬಂದಿದ್ದಳು ಅಷ್ಟೇ. ವೈದ್ಯೆ ಒಂದು ಕಾಗದ ಕೊಟ್ಟರು. ಎಂಟು ಪ್ರಶ್ನೆಗಳು. ಕೂತು ಓದುವಾಗ ನಿದ್ದೆ ಬರುತ್ತದೆಯೇ, ಟಿವಿ ನೋಡುವಾಗ, ಊಟದ ನಂತರ ಸುಮ್ಮನೆ ಕೂತಾಗ, ಇನ್ನೊಬ್ಬರ ಜೊತೆ ಮಾತಾಡುವಾಗ, ಹೀಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. 1991ರಲ್ಲಿ ಮೆಲ್ಬರ್ನಿನ ಮರ್ರೆ ಜಾನ್ಸ್ ಎಂಬ ವೈದ್ಯರು ಮಾಡಿದ ಪಟ್ಟಿಯಂತೆ ಅದು. ಹತ್ತು ದಾಟಿದರೆ ಗಮನ ಕೊಡಬೇಕು. ಮಾಸ್ತರನಲ್ಲವೇ, ನಾನು ಯೋಚಿಸಿ ಯೋಚಿಸಿ ಅಂಕ ಹಾಕಿದೆ. ಒಂಬತ್ತು ಬಂತು. ಹೆಂಡತಿ ಪಕ್ಕದಿಂದ ಬಗ್ಗಿ ನೋಡಿ, "ಸುಳ್ಳ ಬರೀಬ್ಯಾಡ್ರಿ" ಎಂದು ಕಾಗದ ಕಸಿದುಕೊಂಡಳು. ಅವಳು ತಿದ್ದಿದ ಮೇಲೆ ಹದಿನೇಳು.

ಆಮೇಲೆ ವೈದ್ಯೆ ಅವಳ ಕಡೆಗೇ ತಿರುಗಿದರು.

"ಇವರು ನಿದ್ದಿ ಮಾಡೂದೇ ಇಲ್ರಿ ಮೇಡಂ," ಅಂದಳು. "ಗೊರಕಿ ಹೊಡೀತಿರ್ತಾರ, ಒಮ್ಮಿಂದೊಮ್ಮೆಲೆ ಸಪ್ಪಳ ನಿಂತ್ ಬಿಡ್ತದ. ಉಸಿರ ಇರೂದಿಲ್ಲ. ನಾ ಎಣಸ್ತೀನಿ. ಹದಿನೈದು, ಇಪ್ಪತ್ತು. ಆಮ್ಯಾಲೆ ನೀರಾಗ ಮುಳುಗಿದವರು ಎದ್ದಂಗ ಒಮ್ಮೆ ಗಕ್ಕನ ಉಸಿರು ಎಳಕೋತಾರ. ಮತ್ತ ಶುರು."

ನಾನು ಅವಾಕ್ಕಾದೆ. ಇಪ್ಪತ್ತು ವರ್ಷ ನನ್ನ ಪಕ್ಕದಲ್ಲಿ ಮಲಗಿದವಳು ನನ್ನ ಬಗ್ಗೆ ಹೀಗೊಂದು ವಿಷಯ ತಿಳಿದಿದ್ದಳು, ನನಗೇ ತಿಳಿದಿರಲಿಲ್ಲ.

ಮೂಗಿಗೆ ನಳಿಗೆ, ಬೆರಳಿಗೆ ಕ್ಲಿಪ್ಪು, ಎದೆಗೆ ಪಟ್ಟಿ ಕಟ್ಟಿಕೊಂಡು ಒಂದು ರಾತ್ರಿ ಮಲಗಿದೆ. ಫಲಿತಾಂಶ: ತಾಸಿಗೆ 34 ಸಲ ಉಸಿರಿಗೆ ತಡೆ. ಮೂವತ್ತು ದಾಟಿದರೆ ತೀವ್ರ ಎನ್ನುತ್ತಾರೆ. ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಾಗಿ ನಿದ್ದೆಯನ್ನು ಕ್ಷಣಕಾಲ ಮುರಿಯುತ್ತದೆ, ದಾರಿ ತೆರೆಯುತ್ತದೆ, ಮತ್ತೆ ನಿದ್ದೆ. ಆ ಎಚ್ಚರ ಎಷ್ಟು ಗಿಡ್ಡದೆಂದರೆ ನೆನಪಿನಲ್ಲಿ ಉಳಿಯುವುದೇ ಇಲ್ಲ. ಏಳು ತಾಸಿಗೆ ಇನ್ನೂರಕ್ಕೂ ಹೆಚ್ಚು ಸಲ ಯಾರೋ ನನ್ನನ್ನು ಅಲುಗಾಡಿಸಿ ಎಬ್ಬಿಸಿದಂತೆ. ದಪ್ಪಗಿದ್ದವರಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ನನ್ನಂಥ ಸಾಧಾರಣ ಮೈಕಟ್ಟಿನವರಿಗೂ ದವಡೆ, ಗಂಟಲಿನ ರಚನೆಯಿಂದಾಗಿ ಬರುತ್ತದಂತೆ. ಮೂಗಿಗೆ ಮಾಸ್ಕ್ ಕಟ್ಟಿ ಸಣ್ಣ ಒತ್ತಡದಲ್ಲಿ ಗಾಳಿ ಊದಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಯಂತ್ರವನ್ನು ಕೊಟ್ಟರು. 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಮೊದಲು ಬಳಸಿ ತೋರಿಸಿದ ಉಪಾಯ. ಹತ್ತನೆಯ ದಿನ ಬೆಳಿಗ್ಗೆ ಎದ್ದಾಗ ಏನೋ ಇಲ್ಲ ಅನಿಸಿತು. ತಲೆಯ ಮೇಲಿನ ಮೂಟೆ ಇರಲಿಲ್ಲ.

ಇಲ್ಲಿ ಸ್ವಲ್ಪ ತತ್ವಶಾಸ್ತ್ರ ಹೇಳುತ್ತೇನೆ, ಸಹಿಸಿಕೊಳ್ಳಿ. ಗಾಢನಿದ್ದೆಯಿಂದ ಎದ್ದವನು ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ ಎನ್ನುತ್ತಾನಲ್ಲ, ಅದನ್ನು ಹಿಡಿದು ನಮ್ಮ ದಾರ್ಶನಿಕರು ಶತಮಾನಗಟ್ಟಲೆ ಜಗಳಾಡಿದ್ದಾರೆ. ಅದ್ವೈತಿಗಳು ಹೇಳುವುದು: ಅನುಭವಿಸದ್ದನ್ನು ನೆನೆಯಲಾಗದು, ಆದ್ದರಿಂದ ನಿದ್ದೆಯಲ್ಲೂ ಒಳಗೊಂದು ಸಾಕ್ಷಿ ಎಚ್ಚರವಿತ್ತು. ನೈಯಾಯಿಕರು ಒಪ್ಪುವುದಿಲ್ಲ: ಅದು ನೆನಪಲ್ಲ, ಊಹೆ. ಎದ್ದ ಮೇಲೆ ಮೈ ಹಗುರವಾಗಿರುವುದನ್ನು ನೋಡಿ, ಚೆನ್ನಾಗಿ ಮಲಗಿದ್ದಿರಬೇಕು ಎಂದು ಲೆಕ್ಕ ಹಾಕುತ್ತೇವೆ ಅಷ್ಟೇ. ದೊಡ್ಡವರ ಜಗಳದಲ್ಲಿ ತೀರ್ಪು ಕೊಡುವವನು ನಾನಲ್ಲ. ಆದರೆ ನನ್ನ ವಿಷಯಕ್ಕೆ ನೈಯಾಯಿಕರ ಮಾತೇ ಸರಿ. ನಾನು ಗಡಿಯಾರ ನೋಡಿ ಊಹಿಸುತ್ತಿದ್ದೆ, ಮತ್ತು ಊಹೆ ತಪ್ಪಾಗಿತ್ತು. ನನ್ನ ನಿದ್ದೆಗೆ ಸಾಕ್ಷಿ ಇತ್ತು, ನಿಜ. ಅದು ನನ್ನ ಒಳಗಿರಲಿಲ್ಲ, ಪಕ್ಕದ ಕೌದಿಯಲ್ಲಿತ್ತು, ಮತ್ತು ಎಣಿಸುತ್ತಿತ್ತು.

ನಿದ್ದೆ ನನಗೆ ಕಾಣದು, ಇನ್ನೊಬ್ಬರಿಗೆ ಕಾಣುತ್ತದೆ. ದಣಿವು ಇನ್ನೊಬ್ಬರಿಗೆ ಕಾಣದು, ನನಗೊಬ್ಬನಿಗೇ ಗೊತ್ತು. ಅವ್ವ ಲೆಕ್ಕ ಹಾಕಿದ್ದು ತನಗೆ ಕಂಡದ್ದನ್ನು ಹಿಡಿದು. ತಪ್ಪಲ್ಲ. ಆದರೆ ಮಲಗಿದ ತಾಸು ಬೇರೆ, ನಿದ್ದೆ ಬೇರೆ. ಹುಬ್ಬಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋದಾಗೆಲ್ಲ ನನಗಿದು ಕಂಡಿತ್ತು, ಆದರೆ ಹೊಳೆದಿರಲಿಲ್ಲ. ಸವದತ್ತಿಯ ಕಡೆಯ ಮಲಪ್ರಭಾ ಜಲಾಶಯದಿಂದ ಎತ್ತಿದ ನೀರು ನಮ್ಮ ಅಮ್ಮಿನಬಾವಿಯಲ್ಲೇ ಶುದ್ಧವಾಗಿ ಅವಳಿ ನಗರಕ್ಕೆ ಹೋಗುತ್ತದೆ. 2008ರಲ್ಲಿ ಅಲ್ಲಿನ ಕೆಲವೇ ವಾರ್ಡುಗಳಿಗೆ ಪ್ರಾಯೋಗಿಕವಾಗಿ 24 ತಾಸೂ ನೀರು ಬಂತು. ಅಕ್ಕನ ಓಣಿ ಆ ಪುಣ್ಯವಂತರ ಪಟ್ಟಿಯಲ್ಲಿರಲಿಲ್ಲ. ವಾರಕ್ಕೊಮ್ಮೆ ಬರುವ ನೀರು ಹಗಲೇ ಬರಬೇಕೆಂದಿಲ್ಲ. ನೀರು ಬರುವ ರಾತ್ರಿ ಆಕೆ ಮಲಗುವುದೇ ಬೇರೆ ಥರ. ಒಂದು ಕಿವಿ ನಳದ ಕಡೆ. ನಳ ಗಾಳಿ ಕಾರಿದ ಸಪ್ಪಳಕ್ಕೇ ಎದ್ದು ಕೂಡುತ್ತಿದ್ದಳು. ಭಾವ ಏಳುತ್ತಿರಲಿಲ್ಲ. ಅವರಿಗೆ ಮರುದಿನ ಡ್ಯೂಟಿ ಇತ್ತು ಎನ್ನುವುದು ಕಾರಣ. ಅಕ್ಕನಿಗೆ ಮರುದಿನ ಏನಿತ್ತು ಎಂದು ನಾವು ಯಾರೂ ವಿಚಾರಿಸಿದವರಲ್ಲ.

ನನ್ನ ಕತೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅವತ್ತು ವೈದ್ಯೆ ಇನ್ನೊಂದು ಪ್ರಶ್ನೆ ಕೇಳಿದ್ದರು, ನನಗಲ್ಲ.

"ಇವರ ಉಸಿರು ಎಣಿಸ್ಕೋತ ಕೂತ್ರ, ನೀವು ಯಾವಾಗ ಮಲಗ್ತೀರಿ ಅಮ್ಮಾರ?"

"ನಂದೇನ್ರಿ ಮೇಡಂ, ನಡೀತದ," ಎಂದು ಆಕೆ ನಕ್ಕಳು. ವೈದ್ಯೆ ನಗಲಿಲ್ಲ. ಎದ್ದು ಬಂದು ಅವಳ ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡಿದರು, ಉಗುರು ನೋಡಿದರು, ರಕ್ತ ಕೊಟ್ಟು ಹೋಗಿ ಎಂದರು. ಹಿಮೋಗ್ಲೋಬಿನ್ 7.8. ಹೆಣ್ಣುಮಕ್ಕಳಿಗೆ ಹನ್ನೆರಡಾದರೂ ಇರಬೇಕು, ಎಂಟಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಎರಡು ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು ಎನ್ನುವುದು ಆಗ ಹೊರಬಿತ್ತು. ನನಗೆ ಹೇಳಿರಲಿಲ್ಲ. ಅಥವಾ ಹೇಳಿರಬಹುದು, "ಈ ಸಲ ಭಾಳ ಆಗೇದರಿ" ಎಂದು ಯಾವಾಗಲೋ, ನಾನು ಪೇಪರ್ ಓದುತ್ತಿದ್ದಾಗ. ಇನ್ನೊಂದು ಕುರುಹಂತೂ ನಮ್ಮೆಲ್ಲರ ಕಣ್ಣ ಮುಂದೆಯೇ ಇತ್ತು. ಆಕೆ ಅಕ್ಕಿ ಆರಿಸುತ್ತ ಹಸಿ ಅಕ್ಕಿಯನ್ನು ಹಿಡಿ ಹಿಡಿ ತಿನ್ನುತ್ತಿದ್ದಳು. "ಅದಕ್ಕ ನಿಮ್ಮ ಲಗ್ನದಾಗ ಮಳಿ ಬಂದಿತ್ತು" ಎಂದು ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕಬ್ಬಿಣದ ಕೊರತೆ ಇದ್ದವರಿಗೆ ಹಸಿ ಅಕ್ಕಿ, ಮಣ್ಣು, ಸುಣ್ಣ ತಿನ್ನಬೇಕು ಅನಿಸುತ್ತದಂತೆ. ಮೈ ತನ್ನ ಅಹವಾಲು ಹೇಳಿಕೊಳ್ಳುತ್ತಿತ್ತು, ನಾವು ಮಳೆಯ ಮಾತಾಡುತ್ತಿದ್ದೆವು.

ಒಂದು ಮನೆಯಲ್ಲಿ ಇಬ್ಬರು ದಣಿದಿದ್ದರು. ಒಬ್ಬನಿಗೆ ಖರ್ಜೂರ ಬಂತು, ಟಾನಿಕ್ ಬಂತು, ಇಬ್ಬರು ವೈದ್ಯರು ಸಿಕ್ಕರು, "ಸರ್‌ಗೆ ಆರಾಮಿಲ್ಲ" ಎಂದು ಓಣಿಯವರೂ ವಿಚಾರಿಸಿದರು. ಇನ್ನೊಬ್ಬಳು ಐದಕ್ಕೆ ಎದ್ದು ಹೆಂಡಿಕಸ ಮಾಡಿ ರೊಟ್ಟಿ ಬಡಿದಳು. ನನ್ನ ದಣಿವಿನ ಬಗ್ಗೆ ಅವ್ವನಿಗೆ ಅನುಮಾನವಾದರೂ ಬಂದಿತ್ತು. ಹೆಂಡತಿಯ ದಣಿವಿನ ಬಗ್ಗೆ ಅದೂ ಬರಲಿಲ್ಲ. ಅನುಮಾನ ಪಡುವುದಕ್ಕೂ ಮೊದಲು ಅದು ಇದೆ ಎಂದು ಗೊತ್ತಾಗಬೇಕಲ್ಲ. ಇದು ನಮ್ಮೊಂದು ಮನೆಯ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ. ಬಸ್ಸಿನಲ್ಲಿ ಎದುರು ಕೂತ ಇಬ್ಬರು ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬಳಿಗೆ ಎಂದರೆ ಅರ್ಥವಾದೀತು. 2019ರಲ್ಲಿ ನಡೆದ ದೇಶದ ಸಮಯ ಬಳಕೆಯ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಣ್ಣುಮಕ್ಕಳು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಆ 97 ನನಗೆ ಹೆಚ್ಚೇ ಅನಿಸಿತು. ನಮ್ಮ ಮನೆಯಿಂದ ಯಾರೂ ಲೆಕ್ಕ ತೆಗೆದುಕೊಂಡು ಹೋಗಿರಲಿಕ್ಕಿಲ್ಲ.

"ಯಾಕ ಹೇಳಲಿಲ್ಲ?" ಎಂದು ಬಸ್ಸಿನಲ್ಲಿ ಕೇಳಿದೆ. ಹೆಂಡತಿ ಕಿಟಕಿಯಾಚೆ ನೋಡುತ್ತ, "ಹೇಳಿ ಏನ್ ಮಾಡಬೇಕಿತ್ತು? ರೊಟ್ಟಿ ಯಾರು ಬಡೀತಿದ್ರು?" ಅಂದಳು.

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಬ್ರಿಟಿಷ್ ತತ್ವಶಾಸ್ತ್ರಜ್ಞೆ ಮಿರಾಂಡಾ ಫ್ರಿಕರ್ 2007ರಲ್ಲಿ ಬರೆದ ಪುಸ್ತಕವೊಂದರಲ್ಲಿ, ಕೇಳುವವರ ಪೂರ್ವಗ್ರಹದಿಂದಾಗಿ ಕೆಲವರ ಮಾತಿಗೆ ಸಿಗಬೇಕಾದಷ್ಟು ನಂಬಿಕೆ ಸಿಗುವುದಿಲ್ಲ, ಅದೂ ಒಂದು ಬಗೆಯ ಅನ್ಯಾಯ ಎಂದು ವಾದಿಸುತ್ತಾರೆ. ಬಡವರ ಮಾತು, ಹೆಂಗಸರ ಮಾತು, ಕರಿಯರ ಮಾತು. ಒಪ್ಪತಕ್ಕದ್ದೇ. ಆದರೆ ನಮ್ಮ ಮನೆಯಲ್ಲಿ ನಡೆದದ್ದು ಪೂರ್ತಿ ಅದಲ್ಲ. ನನ್ನ ಹೆಂಡತಿ ಸುಳ್ಳುಗಾರ್ತಿ ಎಂದು ಯಾರಿಗೂ ಅನಿಸಿರಲಿಲ್ಲ. ಮನೆಯ ದುಡ್ಡಿನ ಲೆಕ್ಕವೆಲ್ಲ ಅವಳ ಬಾಯಿಮಾತಿನ ಮೇಲೆಯೇ ನಡೆಯುತ್ತದೆ. ವಿಷಯ ಬೇರೆ. ಇನ್ನೊಬ್ಬರ ದಣಿವನ್ನು ನಂಬುವುದು ಪುಕ್ಕಟೆಯ ಕೆಲಸವಲ್ಲ. ಹೊರಗೆ ಮಳೆ ಬರುತ್ತಿದೆ ಎಂದರೆ ನಂಬಿ ಕುಳಿತಲ್ಲೇ ಕೂಡಬಹುದು. ಹೆಂಡತಿ ದಣಿದಿದ್ದಾಳೆ ಎಂದು ನಂಬಿದರೆ ನಾನು ಐದಕ್ಕೆ ಏಳಬೇಕು. ಹಾಲು ಹಾಕುವ ಹುಡುಗ ದಣಿದಿದ್ದಾನೆ ಎಂದು ನಂಬಿದರೆ ಅವನ ಮನೆಗೆ ಹೋಗಿ ಬರಬೇಕು. ನಂಬುವುದರ ಖರ್ಚು ಯಾರ ತಲೆಗೆ ಬರುತ್ತದೋ ಅವರಿಗೆ ಕೇಳಿಸುವುದು ಕಡಿಮೆ. ಕಿವಿಯ ದೋಷವಲ್ಲ ಅದು. ನೆರವು ಕೇಳುವವರಿಗೆ ಇದು ಚೆನ್ನಾಗಿ ಗೊತ್ತು, ಅದಕ್ಕೇ ಕೇಳುವುದಿಲ್ಲ. ನನ್ನ ದಣಿವಿಗೆ ಬೇಕಾದ ನೆರವು ಒಂದು ಯಂತ್ರದಲ್ಲಿತ್ತು, ದುಡ್ಡು ಕೊಟ್ಟರೆ ಸಿಕ್ಕಿತು. ಅವಳ ದಣಿವಿಗೆ ಬೇಕಾದದ್ದರಲ್ಲಿ ಕಬ್ಬಿಣ ಅರ್ಧ, ಉಳಿದರ್ಧ ನಮ್ಮ ಕೈಕಾಲು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಬಿತ್ತನೆಗೆ ಎಷ್ಟೇ ಅವಸರವಿರಲಿ, ಹದ ತಪ್ಪಲಿ, ಅಪ್ಪ ಸೋಮವಾರ ನೊಗ ಮುಟ್ಟುತ್ತಿರಲಿಲ್ಲ. ಎತ್ತು ತಾನು ದಣಿದಿದ್ದೇನೆ ಎಂದು ಹೇಳಬೇಕಾಗಿರಲಿಲ್ಲ, ರಕ್ತ ತಪಾಸಣೆಯ ಚೀಟಿ ತೋರಿಸಬೇಕಾಗಿರಲಿಲ್ಲ. ಅದು ದುಡಿಯುತ್ತದೆ, ಆದ್ದರಿಂದ ದಣಿದಿರುತ್ತದೆ ಎಂದು ಮೊದಲೇ ಒಪ್ಪಿಕೊಂಡ ರೀತಿ ಅದು. ಈಗ ಊರಿನಲ್ಲಿ ಟ್ರ್ಯಾಕ್ಟರುಗಳೇ ಹೆಚ್ಚು, ಅವಕ್ಕೆ ಸೋಮವಾರವಿಲ್ಲ. ಅದಿರಲಿ. ಎತ್ತು ನಿಂತ ಸೋಮವಾರವೂ ಅದರ ಸಗಣಿ ಬಳಿದವರು, ನೀರು ಕುಡಿಸಿದವರು ಯಾರು? ಅವ್ವ. ಬಿಡುವು ಕೊಡುವುದು ನಮಗೆ ಗೊತ್ತಿತ್ತು, ಯಾರಿಗೆ ಎನ್ನುವುದರಲ್ಲಿ ಮಾತ್ರ ತಪ್ಪಿದ್ದೆವು.

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕಾಯಕದ ಮಹತ್ವದ ಬಗ್ಗೆ ಬೋರ್ಡು ಹಾಕಿದ್ದಾರೆ. ಹೆಚ್ಚು ದುಡಿಯಿರಿ ಎನ್ನುವುದಕ್ಕೆ ಶರಣರ ರುಜು ಹಾಕಿಸಿದಂತೆ. ಆದರೆ ಆಯ್ದಕ್ಕಿ ಲಕ್ಕಮ್ಮನ ಕತೆ ಇರುವುದು ನಿಲ್ಲಿಸುವುದರ ಬಗ್ಗೆ. ಗಂಡ ಮಾರಯ್ಯ ಅವತ್ತು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಹಿಗ್ಗಲಿಲ್ಲ. ಹೆಚ್ಚಾದದ್ದನ್ನು ಇದ್ದಲ್ಲಿಗೇ ಹಾಕಿ ಬಾ ಎಂದು ಕಳಿಸಿದಳು. ಇಷ್ಟು ಸಾಕು ಎನ್ನುವುದೂ ಕಾಯಕದ ಒಳಗೇ ಇತ್ತು. ಬೋರ್ಡು ಬರೆಯುವಾಗ ಆ ಭಾಗ ಉದುರಿಹೋಯಿತು.

ಇನ್ನೊಂದು ಕಷ್ಟದ ಸಂಗತಿ ಉಳಿದಿದೆ. ನನಗೆ 34 ಸಿಕ್ಕಿತು, ಹೆಂಡತಿಗೆ 7.8 ಸಿಕ್ಕಿತು. ಅಂಕೆ ಸಿಕ್ಕೊಡನೆ ಮನೆಯವರ ದನಿಯೇ ಬದಲಾಯಿತು. ಅಂಕೆ ಸಿಗದವರು ಏನು ಮಾಡಬೇಕು? ನನ್ನ ಸಹೋದ್ಯೋಗಿಯೊಬ್ಬರಿಗೆ ಎಲ್ಲ ರಿಪೋರ್ಟೂ ಸರಿ, ನಿದ್ದೆಯ ಪರೀಕ್ಷೆಯೂ ಸರಿ. ವೈದ್ಯರು "ಏನೂ ಇಲ್ಲ" ಅಂದರು. ಈ ಪರೀಕ್ಷೆಗಳಲ್ಲಿ ಅಪಾಯದ್ದು ಏನೂ ಕಾಣಲಿಲ್ಲ ಎನ್ನುವುದು ಅವರ ಅರ್ಥ. ಮನೆಯವರು ಕೇಳಿಸಿಕೊಂಡದ್ದು, ನಿನಗೆ ಏನೂ ಆಗಿಲ್ಲ, ನಾಟಕ ಸಾಕು ಎಂದು. ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ದಣಿವೂ ಒಂದು. ದುಃಖ ಕಾಣುವುದಕ್ಕಿಂತ ಮೊದಲೇ ಅದು ಬಂದು ಕೂತಿರಬಹುದು. ಅದಕ್ಕೆ ತೋರಿಸಿಕೊಳ್ಳಲು ಧಾರವಾಡದವರು ದೂರ ಹೋಗಬೇಕಿಲ್ಲ. 1845ರಲ್ಲಿ ಶುರುವಾದ ಹುಚ್ಚರ ಆಸ್ಪತ್ರೆಯೇ ಈಗ ಡಿಮ್ಹಾನ್ಸ್ ಎಂಬ ಹೆಸರಿನ ದೊಡ್ಡ ಸಂಸ್ಥೆ. ಆದರೆ ಊರಿನ ಬಾಯಲ್ಲಿ ಹಳೆಯ ಹೆಸರು ಸತ್ತಿಲ್ಲ. ಅವರು ಎಂಟು ತಿಂಗಳು ಹಿಂದೆಮುಂದೆ ನೋಡಿ, ಕೊನೆಗೆ ಒಂದು ಸ್ಟಾಪು ಮುಂದೆ ಇಳಿದು, ಯಾರೂ ಪರಿಚಯದವರಿಲ್ಲ ಎಂದು ಖಾತ್ರಿ ಮಾಡಿಕೊಂಡು ಹಿಂದಕ್ಕೆ ನಡೆದು ಹೋದರಂತೆ. ಈಗ ಎಷ್ಟೋ ಪಾಡು. ಅಲ್ಲಿಯೂ ಹೆಸರು ಸಿಗದ ದಣಿವುಗಳಿವೆ. ಎಷ್ಟು ವಿಶ್ರಾಂತಿ ಪಡೆದರೂ ಹೋಗದ, ಯಾವ ರಕ್ತ ಪರೀಕ್ಷೆಗೂ ಸಿಕ್ಕಿಬೀಳದ ದೀರ್ಘ ಆಯಾಸದ ಕಾಯಿಲೆಯೊಂದರ ಬಗ್ಗೆ, ಅದು ನಿಜವೋ ಮನಸ್ಸಿನ ಭ್ರಮೆಯೋ ಎಂದು ವೈದ್ಯರೇ ದಶಕಗಟ್ಟಲೆ ವಾದ ಮಾಡಿದ್ದಾರೆ. ಆ ವಾದ ನಡೆಯುತ್ತಿದ್ದಷ್ಟು ದಿನವೂ ರೋಗಿಗಳು ದಣಿದೇ ಇದ್ದರು.

ಮೋಸ ಮಾಡುವವರೇ ಇಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಇಪ್ಪತ್ತೈದು ವರ್ಷ ಮಾಸ್ತರಿಕೆ ಮಾಡಿದವನಿಗೆ ಹೊಟ್ಟೆನೋವಿನ ನಾಟಕಗಳು ಗೊತ್ತಿಲ್ಲವೇ? ಆದರೆ ಲೆಕ್ಕ ಹಾಕಿ ನೋಡಿದೆ. ನಂಬಿ ಮೋಸಹೋದಾಗೆಲ್ಲ ನಾನು ಕಳೆದುಕೊಂಡದ್ದು ಒಂದು ಪಿರಿಯಡ್ಡು. ನಂಬದೆ ತಪ್ಪಿದಾಗ ಒಬ್ಬ ಹುಡುಗ ಶಾಲೆ ಬಿಟ್ಟ. ಈ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನಿಂದ ಇನ್ನು ಆಗದು.

ಹೆಂಡತಿಗೆ ಮೊದಲು ಗುಳಿಗೆ ಕೊಟ್ಟರು, ಅವು ಹೊಟ್ಟೆಗೆ ಒಗ್ಗಲಿಲ್ಲ. ಆಮೇಲೆ ಸಲೈನಿನ ಹಾಗೆ ನರಕ್ಕೆ ಕಬ್ಬಿಣ ಹಾಕಿದರು, ಸ್ಕ್ಯಾನ್ ಮಾಡಿ ರಕ್ತಸ್ರಾವಕ್ಕೂ ಔಷಧ ನಡೆದಿದೆ. ಊಟದ ಬೆನ್ನಿಗೇ ಚಹ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ ಎಂದಿದ್ದಾರೆ. ಅದೊಂದು ಅವಳಿಗೆ ದೊಡ್ಡ ಶಿಕ್ಷೆ. ಈಗ 11 ದಾಟಿದೆ. ಹಸಿ ಅಕ್ಕಿ ತಾನಾಗಿಯೇ ಬಿಟ್ಟುಹೋಯಿತು. ನಾನು ಐದಕ್ಕೆ ಏಳುತ್ತೇನೆ. ರೊಟ್ಟಿ ಬಡಿಯಲು ಬರುವುದಿಲ್ಲ, ಕಸ ಹೊಡೆಯುತ್ತೇನೆ, ಆಕಳಿಗೆ ಮೇವು ಹಾಕುತ್ತೇನೆ, ಪಲ್ಯ ಹೆಚ್ಚುತ್ತೇನೆ. ವಾರಕ್ಕೆ ಎರಡು ದಿನ ಖಾನಾವಳಿಯಿಂದ ರೊಟ್ಟಿ ತರುತ್ತೇವೆ. ಒಳ್ಳೆಯವನಾದೆ ಎಂದು ಹೇಳಿಕೊಳ್ಳುತ್ತಿಲ್ಲ. ಆಕೆ ಮೊನ್ನೆ ಮೊದಲ ಸಲ, "ಇವತ್ತ ನನ್ನ ಕೈಲೆ ಆಗೂದಿಲ್ರಿ" ಎಂದಾಗ ನನ್ನೊಳಗೆ ಮೊದಲು ಎದ್ದದ್ದು ಕರುಣೆಯಲ್ಲ, ಕಿರಿಕಿರಿ. ಹಿಮೋಗ್ಲೋಬಿನ್ 11 ಆಗಿದೆಯಲ್ಲ, ಇನ್ನೂ ಯಾಕೆ ಎಂದು ಬಾಯಿಗೆ ಬಂದಿತ್ತು. ಅವ್ವನ ಒಂಬತ್ತು ತಾಸಿನ ಲೆಕ್ಕದ್ದೇ ಮರಿ ಅದು. ನುಂಗಿಕೊಂಡೆ. ಆಕೆಗೆ ಗೊತ್ತಾಗಲಿಲ್ಲ ಎಂದು ನಾನು ನಂಬಿಲ್ಲ.

ಆ ದಿನ ಆಕೆ ಮಲಗಿದ್ದಾಗ ಪಡಸಾಲೆಯಲ್ಲಿ ನಾನು ಪಲ್ಯ ಹೆಚ್ಚುತ್ತಿದ್ದೆ. ಅವ್ವನಿಗೆ ಈಗ ಎಪ್ಪತ್ತಾರು. ಕಂಬಕ್ಕೆ ಒರಗಿ ಕೂತು ಬಹಳ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದವಳು, "ಒಂದು ಮಾತು ಹೇಳ್ಲೇನು ತಮ್ಮಾ? ನನಗೂ ಭಾಳ ದಣಿವು ಆಗಿತ್ತು" ಅಂದಳು.

"ಯಾವಾಗವ್ವಾ?"

ಅವ್ವ ಎಲೆಅಡಿಕೆ ಚೀಲ ಬಿಚ್ಚಿದಳು. ಒಂದು ಎಲೆ ತೆಗೆದು ತೊಡೆಗೆ ಒರೆಸಿ ತೊಟ್ಟು ಮುರಿದಳು. "ನೀ ಹುಟ್ಟೂ ಮೊದಲ," ಎಂದು ಶುರು ಮಾಡಿದಳು. ಒಂಬತ್ತರ ಬಸ್ಸು ಹಾರ್ನ್ ಹೊಡೆದು ಹೋದದ್ದು ಕೇಳಿಸಿತು. ನಾನು ಇಳಿಗೆಮಣೆ ಪಕ್ಕಕ್ಕೆ ಸರಿಸಿ ಆಕೆಯ ಹತ್ತಿರ ಹೋಗಿ ಕೂತೆ.